ಮೂರು ಡೋಸ್ ಆಯಿತೆಂದು ಸುಮ್ಮನಿರಬೇಡಿ

ವೆನ್ಲಾಕ್‌ನಿಂದ ದೇರಳಕಟ್ಟೆಯವರೆಗೆ ನಮ್ಮ ಮಂಗಳೂರಿನ ಆಸ್ಪತ್ರೆಗಳಿಗೆ ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳೇ, ವಾರ್ಡಿನಲ್ಲೇ ತಲೆ ನರೆತವಳ ಮಾತು ಇದು. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡರೆ ಅರ್ಧ ಕೆಲಸ ಆಯಿತು. ಅದು ಮೈಗೆ ಹತ್ತಿತೇ ಎಂದು ನೋಡಿಕೊಂಡರೆ ಪೂರ್ತಿ.

- ಹಳೆಯ ಲಸಿಕೆ ಕಾರ್ಡ್ ಹುಡುಕಿ. ಮಕ್ಕಳ ಲಸಿಕೆ ಪಟ್ಟಿಯಲ್ಲಿ ಇದು ದೇಶಕ್ಕೆಲ್ಲ ಬಂದದ್ದು 2011ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ನಿಮ್ಮಲ್ಲಿ ಅನೇಕರಿಗೆ ಅದು ಸಿಕ್ಕಿರಲಿಕ್ಕಿಲ್ಲ.

- ಮೂರನೆಯ ಡೋಸ್ ಮರೆಯಬೇಡಿ. ಮೊದಲನೆಯದು ಹಾಕಿಸಿದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಪರೀಕ್ಷೆ, ಊರು, ಕೆಲಸ ಬದಲಾವಣೆ ಎಂದು ತಪ್ಪಿಹೋದರೆ ಉಳಿದದ್ದನ್ನು ಹಾಕಿಸಿದರೆ ಸಾಕು, ಮೊದಲಿಂದ ಶುರು ಮಾಡಬೇಕಾಗಿಲ್ಲ.

- ಇಂಜೆಕ್ಷನ್ ತೋಳಿಗೇ ಇರಲಿ. ಸೊಂಟಕ್ಕೆ ಕೊಟ್ಟರೆ ಮದ್ದು ಕೊಬ್ಬಿನಲ್ಲಿ ಉಳಿದು ಸರಿಯಾಗಿ ಹತ್ತುವುದಿಲ್ಲ.

- ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ನೋಡಿಸಿ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳೊಳಗೆ ರಕ್ತ ಕೊಡಿ. ಮಿಲಿಲೀಟರಿಗೆ 10 ಮಿಲಿ ಯೂನಿಟ್ ಅಥವಾ ಹೆಚ್ಚು ಬಂದರೆ ರಕ್ಷಣೆ ಉಂಟು. ವರ್ಷ ಕಳೆದಂತೆ ಈ ಅಂಕಿ ಇಳಿಯುತ್ತದೆ. ಆದರೂ ಒಮ್ಮೆ 10 ದಾಟಿದ ಆರೋಗ್ಯವಂತರ ದೇಹ ವೈರಸ್ಸಿನ ಗುರುತು ಮರೆಯುವುದಿಲ್ಲ, ಬೂಸ್ಟರ್ ಬೇಡ. ತಡವಾಗಿ ನೋಡಿಸಿ ಕಡಿಮೆ ಬಂದರೆ, ಹತ್ತಲೇ ಇಲ್ಲವೋ, ಹತ್ತಿ ಇಳಿಯಿತೋ ಗೊತ್ತಾಗುವುದಿಲ್ಲ. ಆಗ ಒಂದು ಡೋಸ್ ಹಾಕಿಸಿ ಮತ್ತೆ ನೋಡಿಸಬೇಕು. ವರದಿಯನ್ನು ಮಾರ್ಕ್ಸ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.

- ಹತ್ತದಿದ್ದರೆ ಹೆದರಬೇಡಿ. ಆರೋಗ್ಯವಂತ ಯುವಕರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಗೆ ಹತ್ತುತ್ತದೆ. ನಲವತ್ತು ದಾಟಿದವರು, ತೂಕ ಹೆಚ್ಚಿದ್ದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಡಿಮೆ. ಇನ್ನೊಮ್ಮೆ ಮೂರು ಡೋಸ್ ಹಾಕಿಸಿದರೆ ಎಷ್ಟೋ ಜನರಿಗೆ ಹತ್ತುತ್ತದೆ. ಆಗಲೂ ಹತ್ತದಿದ್ದರೆ ಸೋಂಕು ಮೊದಲೇ ಇದೆಯೇ ಎಂದು ಪರೀಕ್ಷಿಸಿ.

- ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ. ಸೋಪು, ನೀರಿನಿಂದ ತೊಳೆಯಿರಿ. ಹಿಂಡಬೇಡಿ, ಬಾಯಿಗೆ ಇಡಬೇಡಿ. ಡ್ಯೂಟಿ ಮುಗಿಯುವವರೆಗೆ ಕಾಯದೆ ಆಗಲೇ ಹೇಳಿ. ರಕ್ಷಣೆ ಇಲ್ಲದವರಿಗೆ ಹೆಪಟೈಟಿಸ್ ಬಿ ಸೋಂಕಿತರ ಸೂಜಿ ಚುಚ್ಚಿದರೆ ನೂರರಲ್ಲಿ 6ರಿಂದ 30 ಮಂದಿಗೆ ಸೋಂಕು ತಗಲಬಹುದು. ಎಚ್‌ಐವಿಯಲ್ಲಿ ಇದು ಸಾವಿರಕ್ಕೆ ಮೂರರಷ್ಟು. ಲಸಿಕೆ ಹತ್ತದವರಿಗೆ ಇಮ್ಯುನೊಗ್ಲಾಬ್ಯುಲಿನ್ ಬೇಕು, ಆದಷ್ಟು 24 ಗಂಟೆಯೊಳಗೆ.

- ಹೆಪಟೈಟಿಸ್ ಬಿ ಪಾಸಿಟಿವ್ ಬಂದ ಸಹೋದ್ಯೋಗಿಯನ್ನು ದೂರ ಇಡಬೇಡಿ. ಜೊತೆಗೆ ಕೂತು ಉಂಡರೆ, ಕೈ ಹಿಡಿದರೆ ಹರಡುವ ರೋಗ ಇದಲ್ಲ.

- ಗುಡಿಸುವ ಅಕ್ಕನಿಗೆ ಲಸಿಕೆ ಆಗಿದೆಯೇ ಎಂದು ಕೇಳಿ. ಒಣಗಿದ ರಕ್ತದಲ್ಲೂ ಈ ವೈರಸ್ ಏಳು ದಿನ ಬದುಕಬಲ್ಲದು. ಕಸದ ಚೀಲ ಎತ್ತುವವರಿಗೆ, ಬಟ್ಟೆ ಒಗೆಯುವವರಿಗೆ ಸಹ ಅಪಾಯ ಉಂಟು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ತ್ಯಾಜ್ಯ ಮುಟ್ಟುವ ಎಲ್ಲರಿಗೂ ಈ ಲಸಿಕೆ ಕೊಡಿಸುವುದು ಆಸ್ಪತ್ರೆಯ ಹೊಣೆ. ಗುತ್ತಿಗೆಯವರೆಂದು ಅವರನ್ನು ಬಿಟ್ಟಿದ್ದರೆ ನೀವು ಬಾಯಿ ಬಿಡಿ. ಅವರು ಕೇಳಲು ಅಳುಕುತ್ತಾರೆ. ನಿಮ್ಮ ಮಾತಿಗೆ ಬೆಲೆ ಉಂಟು.