ಮೊದಲು ಬೊಂಜೂರ್

ಫ್ರಾನ್ಸಿನ ಲಿಯೋನಿಗೆ ಓದಲು ಹೊರಟಿದ್ದೀಯ. ತುಂಬಾ ಸಂತೋಷ, ಮಗಳೇ. ಟಿಕೆಟ್ಟು, ಫೀಸು, ಉಣ್ಣೆ ಕೋಟಿನ ಬಗ್ಗೆ ಹೇಳುವವರು ನಿನಗೆ ಈಗಾಗಲೇ ಬೇಕಾದಷ್ಟು ಸಿಕ್ಕಿದ್ದಾರೆ. ನಾನು ಆ ಊರಿನಲ್ಲಿ ಓದಿ, ದುಡಿದು, ಅದನ್ನು ಹಚ್ಚಿಕೊಂಡವಳು. ಅದಕ್ಕೇ ಬೇರೆ ತರಹದ ನಾಲ್ಕು ಮಾತು ಹೇಳುತ್ತೇನೆ.

ಅಂಗಡಿಗೆ ಕಾಲಿಟ್ಟ ಕೂಡಲೇ, ಬೇಕಾದ್ದನ್ನು ಕೇಳುವ ಮೊದಲು, ಬೊಂಜೂರ್ (ನಮಸ್ಕಾರ) ಅನ್ನು. ಬಸ್ ಹತ್ತುವಾಗ ಚಾಲಕರಿಗೆ ಅನ್ನು. ಲಿಫ್ಟಿನಲ್ಲಿ ನಿಂತ ಅಪರಿಚಿತರಿಗೆ ಅನ್ನು. ಡಾಕ್ಟರ ಹತ್ತಿರ ಹೋದಾಗ ಹೊರಗೆ ಕಾಯುತ್ತ ಕೂತವರಿಗೆಲ್ಲ ಸೇರಿಸಿ ಒಂದು ಸಲ ಅನ್ನು. ನಮ್ಮೂರ ಅಂಗಡಿಯ ಮುಂದೆ ನಿಂತು ‘ಅರ್ಧ ಕೆಜಿ ಸಕ್ಕರೆ ಕೊಡಿ’ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಆ ‘ಕೊಡಿ’ಯೊಳಗೇ ಮರ್ಯಾದೆ ಇದೆ. ಅಲ್ಲಿ ಬೊಂಜೂರ್ ಇಲ್ಲದೆ ನೇರ ಪ್ರಶ್ನೆಗೆ ಇಳಿದರೆ, ಎದುರಿಗಿದ್ದವರು ತಮ್ಮನ್ನು ಯಂತ್ರದ ಹಾಗೆ ಕಂಡರು ಎಂದು ನೊಂದುಕೊಳ್ಳುತ್ತಾರೆ. ಮುಖ ಬಿಗಿಯುತ್ತದೆ, ಉತ್ತರ ಮೊಟಕಾಗುತ್ತದೆ. ನಮ್ಮ ಮಕ್ಕಳು ಆ ಮುಖ ನೋಡಿ ‘ನನ್ನ ಮೈಬಣ್ಣ ನೋಡಿ ಹೀಗೆ ಮಾಡಿದರು’ ಎಂದುಕೊಂಡು ಕೋಣೆಗೆ ಬಂದು ಅಳುತ್ತಾರೆ. ಇದನ್ನು ಎಷ್ಟು ಜನರಲ್ಲಿ ನೋಡಿದ್ದೇನೋ. ಎರಡೂ ಕಡೆಯವರಿಗೆ ನೋವು, ತಪ್ಪು ಮಾತ್ರ ಯಾರದ್ದೂ ಅಲ್ಲ.

ಆ ಊರಿನ ಬಿಗುವನ್ನು ತಿರಸ್ಕಾರ ಎಂದು ಓದಬೇಡ. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಕಾಲೇಜಿನಿಂದಲೇ ಶುರು ಮಾಡೋಣ. ಅಲ್ಲಿ ಅಂಕ ಕೊಡುವುದು 20ಕ್ಕೆ. 10 ಬಂದರೆ ಪಾಸು. 12ರ ಮೇಲೆ ಪರವಾಗಿಲ್ಲ, 14ರ ಮೇಲೆ ಚೆನ್ನಾಗಿದೆ, 16ರ ಮೇಲೆ ಬಹಳ ಚೆನ್ನಾಗಿದೆ. 18 ಸಿಗುವುದು ಅಪರೂಪ. ಪಿಯುಸಿಯಿಂದಲೂ ತೊಂಬತ್ತರ ಮೇಲೆ ತೆಗೆದು ರೂಢಿಯಿರುವ ನೀನು ಮೊದಲ ಸೆಮಿಸ್ಟರಿನಲ್ಲಿ 20ಕ್ಕೆ 12 ನೋಡುತ್ತೀಯ. ಮನಸ್ಸು ತಕ್ಷಣ ಅದನ್ನು ಅರವತ್ತು ಪರ್ಸೆಂಟ್ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕ ಹಾಕಬೇಡ, ಮನೆಗೂ ಹಾಗೆ ಹೇಳಬೇಡ. ತರಗತಿಯ ಸರಾಸರಿ ಎಷ್ಟು ಎಂದು ಕೇಳು, ನಿನ್ನ ಜಾಗ ಆಗ ತಿಳಿಯುತ್ತದೆ. ಇನ್ನೊಂದು ವಿಷಯ. ನಿನ್ನ ಪ್ರಾಧ್ಯಾಪಕರು ಉತ್ತರಪತ್ರಿಕೆಯಲ್ಲಿ ತಪ್ಪುಗಳನ್ನು ಮಾತ್ರ ಗುರುತು ಮಾಡಿ ಕೊಡಬಹುದು, ಸರಿ ಇದ್ದದ್ದರ ಬಗ್ಗೆ ಒಂದು ಅಕ್ಷರವೂ ಇರಲಿಕ್ಕಿಲ್ಲ. ಅದು ಅಲ್ಲಿನ ಕಲಿಸುವ ಪದ್ಧತಿ. ಅದೇ ಪ್ರಾಧ್ಯಾಪಕರು ಜೂನಿನಲ್ಲಿ ನಿನ್ನ ಇಂಟರ್ನ್‌ಶಿಪ್ಪಿಗಾಗಿ ಎರಡು ಪುಟದ ಶಿಫಾರಸು ಪತ್ರ ಬರೆದುಕೊಟ್ಟಾಗ ಬೆರಗಾಗಬೇಡ.

ಭಾಷೆಯ ವಿಷಯದಲ್ಲೂ ಹೀಗೆಯೇ. ನೀನು ಬಾಯಿ ತೆರೆದು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಬ್ರೆಡ್ ಅಂಗಡಿಯ ಹೆಂಗಸು ಪದದ ಲಿಂಗದಲ್ಲಿ ನೀನು ಮಾಡಿದ ತಪ್ಪನ್ನು ತಿದ್ದುತ್ತಾಳೆ. ಹಿಂದೆ ಸಾಲು ನಿಂತಿರುತ್ತದೆ, ನಿನ್ನ ಕಿವಿ ಬಿಸಿಯಾಗುತ್ತದೆ. ಅವಳು ನಿನ್ನನ್ನು ಹಂಗಿಸುತ್ತಿಲ್ಲ. ಸರಿಯಾಗಿ ಮಾತಾಡಬಲ್ಲವಳು ಎಂದು ಎಣಿಸಿಯೇ ತಿದ್ದುತ್ತಾಳೆ. ತಿದ್ದಿದ್ದನ್ನು ಅಲ್ಲೇ ಗಟ್ಟಿಯಾಗಿ ಒಂದು ಸಲ ಹೇಳಿ, ಮೆರ್ಸಿ ಅಂದು, ನಿನ್ನ ಬ್ರೆಡ್ ತೆಗೆದುಕೊಂಡು ಬಾ. ಇನ್ನು ಕೆಲವರು ನಿನ್ನ ಉಚ್ಚಾರ ಕೇಳಿ ಇಂಗ್ಲಿಷಿಗೆ ತಿರುಗುತ್ತಾರೆ. ಆಗ ನೀನು ಫ್ರೆಂಚಿನಲ್ಲೇ ಮುಂದುವರಿಸು. ಕ್ಯಾಂಪಸ್ಸಿನಲ್ಲಿ ಇಂಗ್ಲಿಷಿನಲ್ಲೇ ಎರಡು ವರ್ಷ ಕಳೆದುಬಿಡಬಹುದು, ಹಾಗೆ ಕಳೆದವರೂ ಇದ್ದಾರೆ. ಅವರಿಗೆ ಡಿಗ್ರಿ ಸಿಕ್ಕಿತು, ಊರು ಸಿಗಲಿಲ್ಲ.

ಸಂಖ್ಯೆಗಳನ್ನು ಮಾತ್ರ ಹೊರಡುವ ಮೊದಲೇ ಬಾಯಿಪಾಠ ಮಾಡು. ಫ್ರಾನ್ಸಿನಲ್ಲಿ ಫೋನ್ ನಂಬರನ್ನು ಎರಡೆರಡು ಅಂಕೆಯಾಗಿ ಹೇಳುತ್ತಾರೆ. ಎಪ್ಪತ್ತು ಎಂದರೆ ಅರವತ್ತು-ಹತ್ತು, ತೊಂಬತ್ತೇಳು ಎಂದರೆ ನಾಲ್ಕು-ಇಪ್ಪತ್ತು-ಹದಿನೇಳು. ಮನೆ ಮಾಲೀಕರು ಫೋನಿನಲ್ಲಿ ನಂಬರ್ ಹೇಳುವಾಗ ನೀನು 60 ಬರೆದಿರುತ್ತೀಯ, ಅವರು ಇನ್ನೂ ಮುಗಿಸಿರುವುದಿಲ್ಲ.

ಇನ್ನು ಕಾಗದಪತ್ರದ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮಕ್ಕಳು ಧೈರ್ಯಗೆಡುವುದು ಇಲ್ಲೇ. ಬ್ಯಾಂಕ್ ಖಾತೆಗೆ ಮನೆ ವಿಳಾಸ ಬೇಕು, ಮನೆ ಹಿಡಿಯಲು ಬ್ಯಾಂಕ್ ಖಾತೆ ಬೇಕು ಅನ್ನುತ್ತಾರೆ. ಯಾರಾದರೂ ತಮ್ಮ ಮನೆಯಲ್ಲಿ ನಿನ್ನನ್ನು ಇರಿಸಿಕೊಂಡಿದ್ದಾರೆ ಎಂದು ಬರೆದುಕೊಟ್ಟ ಪತ್ರವಿದ್ದರೆ ಈ ಗಂಟು ಬಿಚ್ಚುತ್ತದೆ. ಮೊದಲ ವಾರಗಳಿಗೆ ವಿದ್ಯಾರ್ಥಿನಿಲಯದ ಕೋಣೆ ಸಿಕ್ಕರೆ ಇನ್ನೂ ಸುಲಭ, ನಿಲಯದವರೇ ವಿಳಾಸದ ಪತ್ರ ಕೊಡುತ್ತಾರೆ. ಬಾಡಿಗೆಗೆ ಜಾಮೀನು ಕೇಳಿದರೆ ವಿಸಾಲ್ ಎಂಬ ಉಚಿತ ವ್ಯವಸ್ಥೆ ಇದೆ, 18ರಿಂದ 30 ವಯಸ್ಸಿನವರಿಗೆ. ಮನೆಯನ್ನು ಕಣ್ಣಾರೆ ನೋಡದೆ ಯಾರಿಗೂ ಒಂದು ಯೂರೋ ಕಳಿಸಬೇಡ, ಅವರು ಕಳಿಸಿದ ಫೋಟೋ ಎಷ್ಟೇ ಚೆಂದ ಇರಲಿ. ಬಾಡಿಗೆ ನೆರವಿನ ಹಣ ಬರುತ್ತದೆ ಎಂದು ಹಳೆಯ ವಿದ್ಯಾರ್ಥಿಗಳು ಹೇಳಿದ್ದನ್ನು ನಂಬಿ ಬಜೆಟ್ ಹಾಕಬೇಡ, ಹೊರದೇಶದವರಿಗೆ ಆ ನಿಯಮಗಳು ಬಿಗಿಯಾಗುತ್ತಿವೆ. ವಿದ್ಯಾರ್ಥಿ ವೀಸಾದ ಮೇಲೆ ವರ್ಷಕ್ಕೆ 964 ಗಂಟೆ ಕೆಲಸ ಮಾಡಬಹುದು, ಅದನ್ನು ಮೀರಬೇಡ. ಇಳಿದ ಮೂರು ತಿಂಗಳೊಳಗೆ ವೀಸಾವನ್ನು ಆನ್‌ಲೈನಿನಲ್ಲಿ ದೃಢೀಕರಿಸಲೇಬೇಕು. ಇದನ್ನು ಮರೆತವರು ಪಟ್ಟ ಪಾಡು ನೋಡಿದ್ದೇನೆ.

ನಮ್ಮ ಕಡೆಯ ಹೆಸರುಗಳು ಅಲ್ಲಿ ದೊಡ್ಡ ತೊಡಕು. ಮನೆತನದ ಹೆಸರು, ಸ್ವಂತ ಹೆಸರು ಎಂದು ಎರಡು ಖಾನೆ ಇರುತ್ತವೆ. ಕನ್ನಡಿಗರಲ್ಲಿ ಒಬ್ಬರಿಗೆ ಊರಿನ ಹೆಸರು, ಇನ್ನೊಬ್ಬರಿಗೆ ಅಪ್ಪನ ಹೆಸರು, ಮತ್ತೊಬ್ಬರಿಗೆ ಬರೀ ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಒಂದು ರೀತಿ, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ರೀತಿ ಇದ್ದರೆ ಇಲ್ಲಿಂದಲೇ ಸರಿಪಡಿಸಿಕೊಂಡು ಹೋಗು. ಜನನ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆ ಹಾಕಿಸು. ಅದರ ಫ್ರೆಂಚ್ ಅನುವಾದವನ್ನು ಅಲ್ಲಿನ ನ್ಯಾಯಾಲಯದ ಮಾನ್ಯತೆ ಇರುವ ಅನುವಾದಕರಿಂದಲೇ ಮಾಡಿಸು. ಆರೋಗ್ಯ ವಿಮೆಯ ಶಾಶ್ವತ ಸಂಖ್ಯೆ ಸಿಗುವುದು ಈ ಕಾಗದದಿಂದ. ವಿಮೆಯ ನೋಂದಣಿ ವಿದ್ಯಾರ್ಥಿಗಳಿಗೆ ಉಚಿತ. ಒಬ್ಬ ಡಾಕ್ಟರನ್ನು ನಿನ್ನ ಕುಟುಂಬ ವೈದ್ಯರೆಂದು ದಾಖಲಿಸಿದರೆ ಸಾಮಾನ್ಯ ಭೇಟಿಯ ಖರ್ಚಿನ ಸುಮಾರು ಶೇಕಡಾ 70 ವಾಪಸು ಬರುತ್ತದೆ.

ಬಾಡಿಗೆಮನೆಯ ಅಂಚೆಪೆಟ್ಟಿಗೆಯ ಮೇಲೆ ನಿನ್ನ ಹೆಸರನ್ನು ಬೀಗದ ಕೈ ಸಿಕ್ಕ ದಿನವೇ ಅಂಟಿಸು. ಹೆಸರಿಲ್ಲದ ಪೆಟ್ಟಿಗೆಗೆ ಅಂಚೆಯವರು ಕಾಗದ ಹಾಕುವುದಿಲ್ಲ, ಹಿಂದಕ್ಕೆ ಕಳಿಸುತ್ತಾರೆ. ಬ್ಯಾಂಕ್ ಕಾರ್ಡು, ವಿಮೆಯ ಪತ್ರ ಎಲ್ಲ ಬರುವುದು ಅಂಚೆಯಲ್ಲೇ. ಕಚೇರಿಯಲ್ಲಿ ಒಂದು ಕಾಗದ ಕಡಿಮೆ ಎಂದು ವಾಪಸು ಕಳಿಸಿದರೆ ವಾದಕ್ಕೆ ನಿಲ್ಲಬೇಡ, ಯಾವುದು ಕಡಿಮೆ ಎಂದು ಬರೆಸಿಕೊಂಡು ಬಾ. ಪೂರ್ತಿ ಕಡತ ಹಿಡಿದು ಹೋದ ದಿನ ಅದೇ ಗುಮಾಸ್ತೆ ಎದ್ದು ನಿಂತು ‘ಓದು ಚೆನ್ನಾಗಿ ಸಾಗಲಿ’ ಎಂದು ಹಾರೈಸಿ ಕಳಿಸಬಹುದು. ಯಾರ ಪರಿಚಯವೂ ಇಲ್ಲದೆ, ಯಾರ ಕೈಯನ್ನೂ ಬಿಸಿ ಮಾಡದೆ, ಬರೀ ಕಾಗದದ ಬಲದ ಮೇಲೆ ಹಳ್ಳಿಯಿಂದ ಹೋದ ಹುಡುಗಿಯೊಬ್ಬಳು ತನ್ನ ಹಕ್ಕನ್ನು ಪಡೆಯುತ್ತಾಳಲ್ಲ, ಅದನ್ನು ನಾನು ಗೌರವದಿಂದ ನೋಡುತ್ತೇನೆ.

ಕ್ರ್ವಾ-ರೂಸ್ ಗುಡ್ಡದ ಮೇಲೆ ಮನೆ ಸಿಕ್ಕರೆ ಬಹಳ ಸೊಗಸು. ಅಲ್ಲಿಯ ಹಳೆಯ ಮನೆಗಳ ಚಾವಣಿ ಸುಮಾರು ನಾಲ್ಕು ಮೀಟರ್ ಎತ್ತರ, ಕಿಟಕಿಗಳೂ ಉದ್ದುದ್ದ. ಆ ಮನೆಗಳನ್ನು ಕಟ್ಟಿದ್ದು ರೇಷ್ಮೆ ನೇಕಾರರಿಗಾಗಿ, ಜಕಾರ್ಡ್ ಮಗ್ಗ ನಿಲ್ಲಿಸಲು ಅಷ್ಟು ಎತ್ತರ ಬೇಕಿತ್ತು. ಜೋಸೆಫ್ ಮಾರಿ ಜಕಾರ್ಡ್ 1752ರಲ್ಲಿ ಹುಟ್ಟಿದ್ದು ಲಿಯೋನಿನಲ್ಲಿ. ರಟ್ಟಿನ ಹಾಳೆಗಳಲ್ಲಿ ತೂತು ಕೊರೆದು ಸೀರೆಯ ಹೂಬಳ್ಳಿಯನ್ನು ಮಗ್ಗಕ್ಕೆ ‘ಹೇಳಿಕೊಡುವ’ ಯಂತ್ರ 1804ರ ಸುಮಾರಿಗೆ ಅಲ್ಲಿ ರೂಪುಗೊಂಡಿತು. ನಮ್ಮ ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ಮಗ್ಗದ ಮೇಲೆ ಕೂತಿರುವ ಜಕಾರ್ಡ್ ಅದರದೇ ವಂಶ. ಕಂಪ್ಯೂಟರ್ ಓದಲು ಹೊರಟವಳು ನೀನು, ಆ ತೂತಿನ ಹಾಳೆಯೂ ಒಂದು ಬಗೆಯ ಪ್ರೋಗ್ರಾಮೇ ಅಲ್ಲವೇ, ಮೇಜೋಂ ದೆ ಕಾನ್ಯೂ ಎಂಬ ನೇಕಾರರ ವಸ್ತುಸಂಗ್ರಹಾಲಯಕ್ಕೆ ಹೋಗಿ ಆ ಮಗ್ಗ ಓಡುವುದನ್ನು ನೋಡು. ಅದೇ ನೇಕಾರರು 1831ರಲ್ಲೂ 1834ರಲ್ಲೂ ಕೂಲಿಗಾಗಿ ಬಂಡೆದ್ದರು. ಇಂದು ಮೆಟ್ರೋ ಮುಷ್ಕರದಿಂದ ನಿನ್ನ ತರಗತಿ ತಪ್ಪಿದಾಗ ಇದು ನೆನಪಿಗೆ ಬಂದರೆ ಸಿಟ್ಟು ಸ್ವಲ್ಪ ತಗ್ಗೀತು. ಆದರೆ ಮನೆ ಒಪ್ಪಿಕೊಳ್ಳುವ ಮೊದಲು ಚಳಿಗಾಲದ ಬಿಸಿಯ ವ್ಯವಸ್ಥೆ ಕೇಳು. ಎತ್ತರದ ಚಾವಣಿಯಡಿ ಬಿಸಿಗಾಳಿಯೆಲ್ಲ ಮೇಲಕ್ಕೆ ಹೋಗುತ್ತದೆ, ಕರೆಂಟ್ ಬಿಲ್ಲು ನಿನ್ನ ಹತ್ತಿರ ಬರುತ್ತದೆ. ಪ್ರತಿ ಮನೆಗೂ ಎ ಇಂದ ಜಿ ವರೆಗೆ ಇಂಧನದ ದರ್ಜೆ ಇರುತ್ತದೆ. 2025ರ ಜನವರಿಯಿಂದ ಜಿ ದರ್ಜೆಯ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲ. ಮನೆಗೆ ಸೇರುವ ದಿನ ಗೋಡೆ, ನಲ್ಲಿ, ನೆಲದ ಪ್ರತಿ ಕಲೆಯನ್ನೂ ಫೋಟೋ ತೆಗೆದು ಪಟ್ಟಿಯಲ್ಲಿ ಬರೆಸು. ಬಿಡುವ ದಿನ ನಿನ್ನ ಮುಂಗಡವನ್ನು ಉಳಿಸುವುದು ಆ ಪಟ್ಟಿಯೇ.

ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಇಡೀ ಊರಿಗೆ ಕೇಳುವಂತೆ ಸೈರನ್ ಕೂಗುತ್ತದೆ. ಗಾಬರಿಯಾಗಬೇಡ, ಎಚ್ಚರಿಕೆ ವ್ಯವಸ್ಥೆಯ ತಪಾಸಣೆ ಅಷ್ಟೆ. ಭಾನುವಾರ ಮಧ್ಯಾಹ್ನದ ಮೇಲೆ ಬಹುಪಾಲು ಅಂಗಡಿಗಳ ಬಾಗಿಲು ಮುಚ್ಚಿರುತ್ತದೆ. ಹಾಲು, ತರಕಾರಿ ಶನಿವಾರವೇ ತಂದಿಡು, ಇಲ್ಲವೆ ಭಾನುವಾರ ಬೆಳಿಗ್ಗೆ ಸೋನ್ ನದಿಯ ದಂಡೆಯ ಸಂತೆಗೆ ಹೋಗು. ಕೊತ್ತಂಬರಿ, ಹುಣಸೆ, ಹಸಿಮೆಣಸು ಬೇಕಾದಾಗ ಗೀಯೋತ್ಯೇರ್ ಕಡೆಯ ಏಷ್ಯಾದವರ ಅಂಗಡಿಗಳಿವೆ.

ಊಟದ ಬಗ್ಗೆ ನಿನ್ನ ಅಮ್ಮ ಹೆದರಿದ್ದಾಳೆ ಎಂದು ಗೊತ್ತು. ಫ್ರಾನ್ಸಿನ ಅಡುಗೆಯ ರಾಜಧಾನಿ ಎಂದು ಹೆಸರಾದ ಊರು ಅದು, ಅಲ್ಲಿನ ಹೆಸರಾದ ಅಡುಗೆ ಬಹಳಷ್ಟು ಮಾಂಸದ್ದು, ಅದರಲ್ಲೂ ಕರುಳು ಮತ್ತು ಜಠರದ ಖಾದ್ಯಗಳು. ಸಸ್ಯಾಹಾರಿ ಅಂದರೆ ಕೆಲವರು ಮೀನು ತಂದಿಡುತ್ತಾರೆ, ಸಲಾಡಿನಲ್ಲಿ ಲಾರ್ದೋಂ ಎಂಬ ಹಂದಿಮಾಂಸದ ಸಣ್ಣ ತುಣುಕು ಉಳಿದಿರುತ್ತದೆ. ‘ಮಾಂಸ ಬೇಡ, ಮೀನು ಬೇಡ, ಲಾರ್ದೋಂ ಬೇಡ’ ಎಂದು ಮೂರನ್ನೂ ಬಿಡಿಸಿ ಹೇಳು. ‘ನೇಕಾರನ ಮಿದುಳು’ ಎಂಬ ಖಾದ್ಯವನ್ನು ಪಟ್ಟಿಯಲ್ಲಿ ಕಂಡು ಓಡಬೇಡ, ಮೆತ್ತನೆಯ ಗಿಣ್ಣಿಗೆ ಬೆಳ್ಳುಳ್ಳಿ, ಸೊಪ್ಪು ಕಲಸಿದ್ದು ಅದು. ನಮ್ಮ ಮೊಸರುಬಜ್ಜಿ ತಿಂದ ನಾಲಿಗೆಗೆ ಹಿತವಾಗಿಯೇ ಇರುತ್ತದೆ. ಯುನಿವರ್ಸಿಟಿಯ ಕ್ಯಾಂಟೀನಿನಲ್ಲಿ ಅಗ್ಗಕ್ಕೆ ಪೂರ್ತಿ ಊಟ ಸಿಗುತ್ತದೆ, ಮಾಂಸವಿಲ್ಲದ ತಟ್ಟೆಯೂ ಇರುತ್ತದೆ. ಡಬ್ಬಿ ತಂದು ಮೂಲೆಯಲ್ಲಿ ತಿನ್ನುವುದಕ್ಕಿಂತ ವಾರಕ್ಕೆ ಕೆಲವು ದಿನವಾದರೂ ಅಲ್ಲಿ ಉಣ್ಣು. ಮಧ್ಯಾಹ್ನದ ಊಟವನ್ನು ಅವರು ಕೂತು, ಮಾತಾಡುತ್ತ, ನಿಧಾನವಾಗಿ ಮಾಡುತ್ತಾರೆ. ಸಹಪಾಠಿಗಳ ಸ್ನೇಹ ಬೆಳೆಯುವುದು ಆ ಮೇಜಿನಲ್ಲೇ.

ಬಿಗುವನ್ನು ತಿರಸ್ಕಾರ ಎಂದು ಓದಬೇಡ ಅಂದೆ. ನಿಜವಾದ ತಿರಸ್ಕಾರವೂ ಅಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ. ನಿನ್ನ ಹೆಸರು ಕೇಳಿದೊಡನೆ ಖಾಲಿ ಮನೆ ‘ಹೋಗಿಬಿಟ್ಟಿತು’ ಅನ್ನುವವರು, ಟ್ರಾಮಿನಲ್ಲಿ ಕೆಟ್ಟ ಮಾತಾಡುವವರು ಸಿಗಬಹುದು. ವ್ಯತ್ಯಾಸ ಹೇಗೆ ತಿಳಿಯುವುದು? ಎಲ್ಲರಿಗೂ ಅದೇ ನಿಯಮವೇ ಎಂದು ನೋಡು. ಎಲ್ಲರನ್ನೂ ಸಾಲಿನಲ್ಲಿ ನಿಲ್ಲಿಸಿದರೆ ಅದು ಪದ್ಧತಿ, ನಿನ್ನೊಬ್ಬಳನ್ನೇ ಹೊರಗೆ ನಿಲ್ಲಿಸಿದರೆ ಅನ್ಯಾಯ. ಅನ್ಯಾಯವನ್ನು ನುಂಗಿಕೊಳ್ಳಬೇಡ. ತಾರತಮ್ಯದ ದೂರಿಗೆ 3928 ಎಂಬ ಸಂಖ್ಯೆ ಇದೆ, ಕಾಲೇಜಿನಲ್ಲೂ ಹೇಳು. ಜೀವಕ್ಕೆ ಅಪಾಯ ಅನ್ನಿಸಿದರೆ 112.

ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದೆ ಹೋಗಿ, ಭಾರತಕ್ಕೂ ಅಲ್ಲಿಗೂ ಮೂರೂವರೆ ಗಂಟೆಯಿದ್ದ ಅಂತರ ನಾಲ್ಕೂವರೆ ಆಗುತ್ತದೆ. ತರಗತಿ ಮುಗಿಸಿ ನೀನು ಫೋನ್ ಮಾಡುವ ಹೊತ್ತಿಗೆ ಮನೆಯವರು ಮಲಗಿರುತ್ತಾರೆ. ಆ ತಿಂಗಳುಗಳು ಕಷ್ಟ, ನಿಜವಾಗಿಯೂ ಕಷ್ಟ. ಬೆಳಗಿನ ತಿಂಡಿಯ ಹೊತ್ತಿಗೆ ಮಾತಾಡುವ ರೂಢಿ ಮಾಡಿಕೋ. ಬಿಸಿಲು ಬಂದ ಗಳಿಗೆಯಲ್ಲಿ ಪುಸ್ತಕ ಮುಚ್ಚಿ ತೆತ್ ದೋರ್ ಉದ್ಯಾನಕ್ಕೆ ಹೋಗು. ಯುನಿವರ್ಸಿಟಿಯ ಲಾ ದುವಾ ಕ್ಯಾಂಪಸ್ಸಿನಿಂದ ನಡೆದು ಹೋಗುವಷ್ಟೇ ದೂರ. ಬದುಕೇ ಬೇಡ ಅನ್ನಿಸುವಷ್ಟು ಮನಸ್ಸು ಕುಸಿದರೆ 3114ಕ್ಕೆ ಫೋನ್ ಮಾಡು, ಹಗಲು ರಾತ್ರಿ ಎತ್ತುತ್ತಾರೆ. ನನಗೂ ಮಾಡು, ಎಷ್ಟು ಹೊತ್ತಾದರೂ.

ಅದೇ ಡಿಸೆಂಬರಿನ ಎಂಟರ ಸುಮಾರಿಗೆ ಆ ಊರು ಬೆಳಗುತ್ತದೆ. 1852ರಲ್ಲಿ ಫೂರ್ವಿಯೇರ್ ಗುಡ್ಡದ ಮೇಲೆ ಮೇರಿ ಮಾತೆಯ ಪ್ರತಿಮೆಯನ್ನು ಸೆಪ್ಟೆಂಬರಿನಲ್ಲಿ ಪ್ರತಿಷ್ಠಾಪಿಸಬೇಕಿತ್ತು. ಸೋನ್ ನದಿಯ ನೆರೆಯಿಂದ ಅದು ಡಿಸೆಂಬರ್ 8ಕ್ಕೆ ಹೋಯಿತು. ಆ ದಿನವೂ ಬಿರುಗಾಳಿ ಎದ್ದು ಸಮಾರಂಭ ನಿಂತೇಹೋಗುವುದರಲ್ಲಿತ್ತು. ಸಂಜೆ ಆಕಾಶ ತಿಳಿಯಾದಾಗ ಜನ ಯಾರ ಅಪ್ಪಣೆಯನ್ನೂ ಕಾಯದೆ ಕಿಟಕಿಗಳಲ್ಲಿ ಮೇಣದಬತ್ತಿ ಹಚ್ಚಿದರು. ಇಂದಿಗೂ ಹಚ್ಚುತ್ತಾರೆ. ಚೌಕಗಳಲ್ಲಿ ನಡೆಯುವ ದೊಡ್ಡ ಬೆಳಕಿನಾಟಗಳಿಗೆ ಹೊರ ಊರುಗಳ ಜನ ಮುಗಿಬೀಳುತ್ತಾರೆ, ನೀನೂ ನೋಡು. ನನಗೆ ಮಾತ್ರ ಓಣಿಗಳ ಕಿಟಕಿಯ ದೀಪಗಳೇ ಹೆಚ್ಚು ಇಷ್ಟ. ನಿನ್ನ ಕಿಟಕಿಯಲ್ಲೂ ಕೆಲವು ಗಾಜಿನ ಲೋಟಗಳಲ್ಲಿ ದೀಪ ಇಡು, ಅಂಗಡಿಗಳಲ್ಲಿ ಅದಕ್ಕೆಂದೇ ಮಾರುತ್ತಾರೆ. ಎದುರು ಮನೆಯ ಅಜ್ಜಿ ಮರುದಿನ ಮೆಟ್ಟಿಲಲ್ಲಿ ನಿನ್ನ ಹೆಸರು ಕೇಳಿದರೂ ಕೇಳಬಹುದು.

ಮೇ ತಿಂಗಳ ಕೊನೆಗೆ ನೆರೆಹೊರೆಯವರ ಹಬ್ಬ ಎಂದು ಮಾಡುತ್ತಾರೆ. ಕಟ್ಟಡದ ಬಾಗಿಲಿಗೆ ಒಂದು ಚೀಟಿ ಅಂಟಿಸಿರುತ್ತಾರೆ, ಎಲ್ಲರೂ ಏನಾದರೊಂದು ಅಡುಗೆ ತಂದು ಅಂಗಳದಲ್ಲಿ ಕೂಡಿ ಉಣ್ಣುತ್ತಾರೆ. ಪರೀಕ್ಷೆ ಹತ್ತಿರ ಇದ್ದರೂ ಹೋಗು. ಚಿತ್ರಾನ್ನ ಮಾಡಿಕೊಂಡು ಹೋಗು. ಹಸಿಮೆಣಸನ್ನು ಸೀಳಿ ಒಗ್ಗರಣೆಗೆ ಹಾಕಿ, ಬಡಿಸುವ ಮುನ್ನ ಎತ್ತಿಬಿಡು. ಕಡಲೆಬೀಜ ಹಾಕಿದ್ದನ್ನು ಮೊದಲೇ ಹೇಳು, ಅಲ್ಲಿ ಕೆಲವರಿಗೆ ಅದು ಆಗಿಬರುವುದಿಲ್ಲ. ಪಾತ್ರೆ ಸ್ವಲ್ಪ ದೊಡ್ಡದೇ ಇರಲಿ, ಎರಡನೇ ಸಲ ಕೇಳುತ್ತಾರೆ.