ಗಣಕಯಂತ್ರದ ಪೂರ್ವಸಿದ್ಧತೆ

ಹುಬ್ಬಳ್ಳಿಯ ವಿದ್ಯಾನಗರವು ಹೆಸರಿಗೆ ತಕ್ಕಂತೆ ವಿದ್ಯಾಸಂಸ್ಥೆಗಳ ನೆಲೆ. 1947ರಲ್ಲಿ ಸ್ಥಾಪಿತವಾದ ಬಿ. ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಇಲ್ಲಿಯೇ ಬೆಳೆಯಿತು. ಇಂತಹ ವಿದ್ಯಾಲಯಗಳಲ್ಲಿ ಗುರುಗಳು ಪಾಠವನ್ನು ಆರಂಭಿಸುವ ಮುನ್ನ ಹಿಂದಿನ ಅವಧಿಯ ಬರಹವನ್ನು ಕರಿಹಲಗೆಯಿಂದ ಒರೆಸುವರು. ಒರೆಸದೆ ಹೊಸ ಲೆಕ್ಕವನ್ನು ಬರೆದರೆ ಹಳೆಯ ಅಂಕಿಗಳು ಅದರೊಡನೆ ಬೆರೆತು ಉತ್ತರವೇ ತಪ್ಪಾಗುವುದು. ಗಣಕಯಂತ್ರಕ್ಕೂ ಇಂತಹ ಪೂರ್ವಸಿದ್ಧತೆ ಅವಶ್ಯಕ.

1981ರ ಆಗಸ್ಟ್ ತಿಂಗಳಲ್ಲಿ ಐ.ಬಿ.ಎಂ. ಸಂಸ್ಥೆಯು ಮೇಜಿನ ಮೇಲಿಡಬಹುದಾದ ತನ್ನ 'ಪರ್ಸನಲ್ ಕಂಪ್ಯೂಟರ್' ಅನ್ನು ಹೊರತಂದಿತು. ಅದರಲ್ಲಿ ಎರಡು ಬಗೆಯ ಸ್ಮೃತಿಗಳಿದ್ದವು. ಒಂದು ತಾತ್ಕಾಲಿಕ ಸ್ಮೃತಿ. ವಿದ್ಯುತ್ತು ನಿಂತೊಡನೆ ಅದರಲ್ಲಿರುವುದೆಲ್ಲ ಅಳಿಸಿಹೋಗುವುದು. ಮತ್ತೊಂದು ಸ್ಥಿರ ಸ್ಮೃತಿ. ತಯಾರಿಕೆಯ ಕಾಲದಲ್ಲಿಯೇ ಬರೆದ ಆದೇಶಗಳು ಅದರಲ್ಲಿ ಸದಾ ಉಳಿಯುವುವು.

ಯಂತ್ರವನ್ನು ಚಾಲನೆಗೊಳಿಸಿದಾಗ ಅದರ ಸಂಸ್ಕಾರಕವಾದ ಇಂಟೆಲ್ 8088, ಸ್ಥಿರ ಸ್ಮೃತಿಯ ಒಂದು ಗೊತ್ತಾದ ಸ್ಥಾನದಿಂದ ಮೊದಲ ಆದೇಶವನ್ನು ಓದುತ್ತಿತ್ತು. ಆ ಆದೇಶಗಳು ಮೊದಲು ಯಂತ್ರದ ಅಂಗಗಳನ್ನೂ ಸ್ಮೃತಿಯನ್ನೂ ಪರೀಕ್ಷಿಸುತ್ತಿದ್ದವು. ಬಳಿಕ ಫ್ಲಾಪಿ ತಟ್ಟೆಯ ಮೊದಲ ಭಾಗದಿಂದ 512 ಬೈಟುಗಳನ್ನು ಮಾತ್ರ ತಾತ್ಕಾಲಿಕ ಸ್ಮೃತಿಗೆ ತರುತ್ತಿದ್ದವು. ಆ ಕಿರಿದಾದ ಭಾಗವು ತನಗಿಂತ ಹಿರಿದಾದ 'ಡಾಸ್' ವ್ಯವಸ್ಥೆಯನ್ನು ಕರೆತರುತ್ತಿತ್ತು. ಚಿಕ್ಕ ಹಣತೆಯಿಂದ ದೊಡ್ಡ ದೀಪವನ್ನು ಹೊತ್ತಿಸಿದಂತೆ ಯಂತ್ರವು ಹಂತಹಂತವಾಗಿ ಎಚ್ಚರಗೊಳ್ಳುತ್ತಿತ್ತು.

ಇಷ್ಟಕ್ಕೇ ಸಿದ್ಧತೆ ಮುಗಿಯುತ್ತಿರಲಿಲ್ಲ. ಡಾಸ್ ಕರೆದ ಪ್ರತಿಯೊಂದು ಪ್ರೋಗ್ರಾಂ ತನಗೆ ದೊರೆತ ಸ್ಮೃತಿಯನ್ನು ತಾನೇ ಅಣಿಗೊಳಿಸಬೇಕಾಗಿತ್ತು. ಆದೇಶಗಳಿಗೆ ಒಂದು ಸ್ಥಳ, ಅಂಕಿ ಅಂಶಗಳಿಗೆ ಮತ್ತೊಂದು, ನಡುವಿನ ಲೆಕ್ಕಗಳನ್ನು ಇರಿಸಲು 'ಸ್ಟ್ಯಾಕ್' ಎಂಬ ಮೂರನೆಯದು. ಸ್ಟ್ಯಾಕ್ ಎಂದರೆ ಬುಟ್ಟಿಯಲ್ಲಿ ಪೇರಿಸಿದ ಜೋಳದ ರೊಟ್ಟಿಗಳಂತೆ. ಕಡೆಗೆ ಇಟ್ಟುದನ್ನೇ ಮೊದಲು ತೆಗೆಯಬೇಕು. ಇದಕ್ಕೆ ಬಿಟ್ಟ ಸ್ಥಳ ಸಾಲದಿದ್ದರೆ ಅದು ಅಂಕಿ ಅಂಶಗಳ ಮೇಲೆಯೇ ಹರಡಿ ಅವುಗಳನ್ನು ಕೆಡಿಸುತ್ತಿತ್ತು. ಹಿಂದಿನ ಪ್ರೋಗ್ರಾಂ ಬಿಟ್ಟುಹೋದ ಅಂಕಿಗಳನ್ನು ಅಳಿಸಿ ಸೊನ್ನೆಗಳನ್ನು ತುಂಬದಿದ್ದರೆ ಲೆಕ್ಕವು ತಪ್ಪುತ್ತಿತ್ತು. 'ಸಿ' ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳಲ್ಲಿ ಈ ಕೆಲಸಗಳನ್ನು ಮಾಡುವ ಆದೇಶಗಳ ಗುಂಪು ಮೊದಲು ನಡೆದು, ಅನಂತರವೇ ಮುಖ್ಯ ಕಾರ್ಯವು ಆರಂಭವಾಗುತ್ತಿತ್ತು.

ಕನ್ನಡಕ್ಕೆ ಈ ಸಿದ್ಧತೆಯ ಮಹತ್ವ ಇನ್ನೂ ಹೆಚ್ಚಿನದಾಗಿತ್ತು. ಆ ಯಂತ್ರದ ಸ್ಥಿರ ಸ್ಮೃತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಆಕೃತಿಗಳಿದ್ದವು. ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ಆದುದರಿಂದ ಕನ್ನಡ ಅಕ್ಷರಗಳ, ಗುಣಿತ ಮತ್ತು ಒತ್ತುಗಳ ಆಕೃತಿಗಳನ್ನು ಹೊರಗಿನಿಂದಲೇ ಒದಗಿಸಬೇಕಾಗಿತ್ತು. ಒಂದು ಆಕೃತಿಗೆ 16 ಸಾಲುಗಳಲ್ಲಿ ಹದಿನಾರು ಹದಿನಾರು ಚುಕ್ಕೆಗಳೆಂದರೆ 256 ಚುಕ್ಕೆಗಳು, ಅರ್ಥಾತ್ 32 ಬೈಟುಗಳು ಬೇಕು. ಅಂತಹ 500 ಆಕೃತಿಗಳಿಗೆ 16,000 ಬೈಟುಗಳು. ಮೊದಲ ಐ.ಬಿ.ಎಂ. ಯಂತ್ರದ ಅತಿ ಕಡಿಮೆ ಬೆಲೆಯ ಮಾದರಿಯಲ್ಲಿದ್ದ ತಾತ್ಕಾಲಿಕ ಸ್ಮೃತಿಯೇ 16 ಕಿಲೊಬೈಟು, ಎಂದರೆ 16,384 ಬೈಟುಗಳು! ಅಕ್ಷರಗಳಿಗೇ ಸ್ಮೃತಿಯೆಲ್ಲ ವ್ಯಯವಾದರೆ ಬರಹಕ್ಕೆ ಎಡೆಯೆಲ್ಲಿ? ಸ್ಮೃತಿಯು ಹೆಚ್ಚಿದ ಯಂತ್ರಗಳಲ್ಲಿಯೂ ಪ್ರೋಗ್ರಾಮುಗಳಿಗೆ ದೊರೆಯುತ್ತಿದ್ದುದು 640 ಕಿಲೊಬೈಟಿನ ಮಿತಿಯೊಳಗೇ.

ಇಂತಹ ಮಿತಿಗಳ ನಡುವೆಯೂ ಕನ್ನಡವನ್ನು ಗಣಕಯಂತ್ರಕ್ಕೆ ತರಲು ಶ್ರಮಿಸಿದವರಲ್ಲಿ ಕೆ. ಪಿ. ರಾವ್ ಅವರು ಪ್ರಮುಖರು. ಅವರು ಕನ್ನಡಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ತಮ್ಮ ಕನ್ನಡ ತಂತ್ರಾಂಶವನ್ನು ಜನರಿಗೆ ಉಚಿತವಾಗಿ ನೀಡಿದರು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಇಂದು ಕೈಯಲ್ಲಿ ಹಿಡಿಯುವ ದೂರವಾಣಿಯೂ ಕನ್ನಡ ಅಕ್ಷರಗಳನ್ನು ತನ್ನೊಳಗೆ ಇರಿಸಿಕೊಂಡೇ ಬರುತ್ತದೆ.

ತೆರೆಯ ಮೇಲೆ ಮೂಡುವ ಅಕ್ಷರವನ್ನು ಎಲ್ಲರೂ ಕಾಣುವರು. ಅದಕ್ಕೆ ಮೊದಲು ನಡೆಯುವ ಸಿದ್ಧತೆಯನ್ನು ಕಾಣುವವರು ವಿರಳ. ಆದರೆ ಹಲಗೆಯನ್ನು ಒರೆಸಿದ ಮೇಲಷ್ಟೇ ಪಾಠವು ಸ್ಪಷ್ಟವಾಗುವುದು.