ಉಸಿರಿನ ಅಳತೆಯಲ್ಲಿ ಹೃದಯದ ಪರೀಕ್ಷೆ

ಮೊಣಕಾಲು ಸವೆದವರು ಟ್ರೆಡ್‌ಮಿಲ್ ಮೇಲೆ ಓಡುವಂತಿಲ್ಲ. ಹಾಗಾಗಿ ಟೊರಾಂಟೊದಲ್ಲಿ ನನಗೆ ಹೃದಯದ ಸ್ಟ್ರೆಸ್ ಟೆಸ್ಟ್ ಮಾಡಿದ್ದು ಅಡೆನೊಸಿನ್ ಎಂಬ ಔಷಧ ಕೊಟ್ಟು. ಅದು ಹೃದಯದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಆರೋಗ್ಯವಾದ ನಾಳದಲ್ಲಿ ರಕ್ತದ ಹರಿವು ಮೂರು ನಾಲ್ಕು ಪಟ್ಟು ಏರುತ್ತದೆ, ಕಿರಿದಾದ ನಾಳದಲ್ಲಿ ಅಷ್ಟು ಏರುವುದಿಲ್ಲ. ವೈದ್ಯರು ಹುಡುಕುವುದು ಆ ವ್ಯತ್ಯಾಸವನ್ನೇ. ಔಷಧ ಮೈಯೊಳಗೆ ಇಳಿದದ್ದೇ ತಡ, ಮುಖ ಬಿಸಿಯೇರಿತು, ಎದೆ ಬಿಗಿಯಿತು, ಇನ್ನು ಉಳಿಯುವುದಿಲ್ಲವೇನೋ ಅನ್ನಿಸಿತು. ನಿಲ್ಲಿಸಿದ ಮೇಲೆ ಬೇಗನೆ ಇಳಿಯಿತು, ನಿಜ. ಆದರೆ ಹೀಗಾಗುತ್ತದೆಂದು ಯಾರೂ ಮೊದಲೇ ಬಿಡಿಸಿ ಹೇಳಿರಲಿಲ್ಲ.

ಮುಂದೆ, ಔಷಧದ ಬದಲು ಇಂಗಾಲದ ಡೈ ಆಕ್ಸೈಡ್ ಅನಿಲ ಬಳಸುವ ಸಂಶೋಧನೆಗೆ ಸ್ವಯಂಸೇವಕರು ಬೇಕೆಂದಾಗ ಆ ನೆನಪಿನಿಂದಲೇ ಒಪ್ಪಿಕೊಂಡೆ. ರಕ್ತದಲ್ಲಿ ಅದು ಏರಿದರೆ ಹೃದಯದ ನಾಳಗಳು ತಾವಾಗಿ ಹಿಗ್ಗುತ್ತವೆ. ಕಷ್ಟ ಇರುವುದು ಅಳತೆಯಲ್ಲಿ. ಎಲ್ಲರಿಗೂ ಒಂದೇ ಮಿಶ್ರಣ ಕೊಟ್ಟರೆ ಜೋರಾಗಿ ಉಸಿರಾಡುವವರು ಅದನ್ನು ಹೊರಹಾಕಿಬಿಡುತ್ತಾರೆ, ಮೆಲ್ಲಗೆ ಉಸಿರಾಡುವವರಲ್ಲಿ ಅದು ಸೇರುತ್ತಾ ಹೋಗುತ್ತದೆ. ಟೊರಾಂಟೊದ ಜೋಸೆಫ್ ಫಿಶರ್ ಮತ್ತು ಸಂಗಡಿಗರ ವಿಧಾನದಲ್ಲಿ ಯಂತ್ರವೇ ಉಸಿರುಸಿರಿಗೂ ಲೆಕ್ಕಹಾಕಿ ಅನಿಲ ಬಿಡುತ್ತದೆ. ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯಲ್ಲಿ ರೋಹನ್ ಧರ್ಮಕುಮಾರ್ ಅವರ ತಂಡ ಇದೇ ದಾರಿಯಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ, ಈ ಅನಿಲ ಅಡೆನೊಸಿನ್‌ಗೆ ಸಮನಾಗಿ ಹರಿವನ್ನು ಹೆಚ್ಚಿಸಬಲ್ಲದೆಂದು 2017ರಲ್ಲಿ ಪ್ರಕಟಿಸಿತು.

ನನಗಾದ ಅನಿಲದ ಪರೀಕ್ಷೆ ಸುಖವಾಗಿತ್ತು ಎನ್ನಲಾರೆ. ಗಾಳಿ ಸೋರದಂತೆ ಮಾಸ್ಕನ್ನು ಮುಖಕ್ಕೆ ಟೇಪಿನಿಂದ ಅಂಟಿಸುತ್ತಾರೆ. ಹೃದಯದ ಚಿತ್ರ ತೆಗೆಯುವ ಎಂಆರ್‌ಐ ಸುರಂಗದಲ್ಲಿ ಮೊದಲೇ ಇಕ್ಕಟ್ಟು. ಅನಿಲ ಏರಿದಂತೆ ಮೆಟ್ಟಿಲು ಹತ್ತಿದ ಹಾಗೆ ಏದುಸಿರು ಬರುತ್ತದೆ, ಇನ್ನಷ್ಟು ಗಾಳಿ ಬೇಕೆಂಬ ತಹತಹ. ಆಮ್ಲಜನಕ ಸಾಕಷ್ಟಿದೆ, ತಹತಹ ಆ ಅನಿಲದ್ದೇ ಎಂದು ತಂತ್ರಜ್ಞೆ ಮುಂಚೆಯೇ ವಿವರಿಸಿ, ಕರೆಯಲು ಕೈಗೊಂದು ಗುಂಡಿ ಕೊಟ್ಟಿದ್ದರು. ಹೊರಗೆ ಒಮ್ಮೆ ಮಾಸ್ಕ್ ಹಾಕಿ ಅಭ್ಯಾಸವನ್ನೂ ಮಾಡಿಸಿದ್ದರು. ಅದರಿಂದಲೇ ತಡೆದುಕೊಂಡೆ ಎಂದು ನನ್ನ ನಂಬಿಕೆ. ಮಾಮೂಲಿ ಗಾಳಿ ಬಂದೊಡನೆ ಕೆಲವೇ ಉಸಿರಿನಲ್ಲಿ ಎಲ್ಲ ಇಳಿದುಹೋಯಿತು.

ಇದು ಇನ್ನೂ ಸಂಶೋಧನೆಯ ಹಂತದ ವಿಧಾನ. ಇದಕ್ಕಾಗಿ ಕಾಯುತ್ತಾ ವೈದ್ಯರು ಹೇಳಿದ ಪರೀಕ್ಷೆಯನ್ನು ಮುಂದೂಡಬೇಡಿ, ಮನೆಯಲ್ಲಿ ಉಸಿರು ಕಟ್ಟಿ ಹೃದಯವನ್ನು ಪರೀಕ್ಷಿಸಿಕೊಳ್ಳಲೂ ಹೋಗಬೇಡಿ. ನಿಮಗೆ ಉಬ್ಬಸವಿದ್ದರೆ ಸ್ಟ್ರೆಸ್ ಟೆಸ್ಟ್‌ಗೆ ಮುಂಚೆಯೇ ತಿಳಿಸಿ, ಏಕೆಂದರೆ ಅಡೆನೊಸಿನ್ ಶ್ವಾಸನಾಳವನ್ನು ಬಿಗಿಸಬಹುದು. ಕಾಫಿ, ಚಹಾ ಅದರ ಕೆಲಸಕ್ಕೆ ಅಡ್ಡಿ, ಯಾವಾಗಿನಿಂದ ಬಿಡಬೇಕೆಂದು ಕೇಳಿ. ಯಾವ ಔಷಧ, ಏನನ್ನಿಸುತ್ತದೆ, ಎಷ್ಟು ಹೊತ್ತು ಎಂದೂ ಸಂಕೋಚವಿಲ್ಲದೆ ಕೇಳಿ ತಿಳಿದುಕೊಂಡೇ ಪರೀಕ್ಷೆಗೆ ಮಲಗಿ.